ಅಜ್ಜಿಯ ಬೆಳ್ಳಿ ರೂಪಾಯಿಗೆ ಐವತ್ತೊಂದು ರೂಪಾಯಿ ಬಿಡ್!

ಆನ್‌ಲೈನ್ ಏಲಂನ ಅಗ್ಗದ ಕೂಗಿನ ಹಿಂದೆ ಯಾರ ಲೆಕ್ಕಾಚಾರವಿದೆ?

ಮುಂಬಯಿ ಮಹಾನಗರಕ್ಕೆ ಬಂದು ಎರಡು-ಮೂರು ತಲೆಮಾರು ಕಳೆದಿರುವ ನಮ್ಮ ತುಳು-ಕನ್ನಡಿಗರ ಅನೇಕ ಮನೆಗಳಲ್ಲಿ, ಅದು ಡೊಂಬಿವಲಿಯ ಹಳೆಯ ಬ್ಲಾಕ್ ಆಗಿರಲಿ, ಮೀರಾರೋಡ್‌ನ ಹೊಸ ಫ್ಲ್ಯಾಟ್ ಆಗಿರಲಿ, ಕಪಾಟಿನ ಮೇಲಿನ ಹಲಗೆಯಲ್ಲಿ ಒಂದು ತಗಡಿನ ಡಬ್ಬಿ ಇರುತ್ತದೆ ಎಂದರೆ ತಪ್ಪಾಗಲಾರದು. ಅದರಲ್ಲಿ ಊರಿನಿಂದ ಬರುವಾಗ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಟ್ಟ ರಾಣಿ ತಲೆಯ ಬೆಳ್ಳಿ ರೂಪಾಯಿ, ಅಜ್ಜ ಹೊಟೇಲಿನ ಗಲ್ಲಾ ಪೆಟ್ಟಿಗೆಯಿಂದ ಬೇರೆ ತೆಗೆದಿಟ್ಟ ತೂತಿನ ಕಾಸು, ಗಲ್ಫಿನಲ್ಲಿದ್ದ ಚಿಕ್ಕಪ್ಪ ತಂದ ದಿರ್ಹಮ್, ಲಕೋಟೆಯಿಂದ ಕತ್ತರಿಸಿಟ್ಟ ಅಂಚೆಚೀಟಿ, ಎಲ್ಲವೂ ಒಟ್ಟಿಗೆ ಬಿದ್ದಿರುತ್ತವೆ. ಯಾರೂ ಅದನ್ನು ವರ್ಷಗಟ್ಟಲೆ ತೆರೆಯುವುದಿಲ್ಲ. ಮನೆ ಬದಲಾಯಿಸುವಾಗಲೋ, ಹಿರಿಯರು ತೀರಿಕೊಂಡ ಮೇಲೆ ಪಾಲು ಮಾಡುವಾಗಲೋ, ಆಸ್ಪತ್ರೆ ಖರ್ಚಿಗೆ ಕೈ ಬಿಗಿಯಾದಾಗಲೋ ಡಬ್ಬಿ ಕೆಳಗಿಳಿಯುತ್ತದೆ.

ಹಿಂದೆಲ್ಲ ಇಂಥ ವಸ್ತುಗಳು ಝವೇರಿ ಬಜಾರಿನ ತಕ್ಕಡಿಗೋ, ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನ ಅಂಗಡಿಗೋ ಹೋಗುತ್ತಿದ್ದವು. ಈಗ ಮನೆಯ ಹುಡುಗರು ಮೊಬೈಲಿನಲ್ಲೇ ಫೋಟೋ ತೆಗೆದು ಏಲಂಗೆ ಹಾಕುತ್ತಾರೆ. ಲಕ್ಷ ರೂಪಾಯಿ ಬರಬಹುದೆಂದು ಇಡೀ ಮನೆ ಕಾದು ಕುಳಿತಿರುವಾಗ ಬರುವ ಮೊದಲ ಬಿಡ್ ಎಷ್ಟು? ಐವತ್ತೊಂದು ರೂಪಾಯಿ! ಮನೆಯವರಿಗೆ ಕೋಪ ಬರುವುದು ಸಹಜ. ಬೆಳ್ಳಿಯ ಬೆಲೆಯೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿರುವಾಗ ಇದು ಅಪಹಾಸ್ಯವಲ್ಲದೆ ಮತ್ತೇನು ಎಂದು ಹಿರಿಯರು ಕೇಳುತ್ತಾರೆ. ಕೆಲವರು ಬೇಸತ್ತು ಏಲಂ ರದ್ದು ಮಾಡುತ್ತಾರೆ. ಮರುದಿನ ಮೊದಲು ಸಿಕ್ಕಿದ ಸೋನಾರನಿಗೆ ತೂಕಕ್ಕೆ ಕೊಟ್ಟು ಬರುವವರೂ ಇದ್ದಾರೆ. ಡಬ್ಬಿಯಲ್ಲಿದ್ದುದು ಸಾಧಾರಣ ನಾಣ್ಯವಾದರೆ ಅದರಿಂದ ನಷ್ಟವೇನಿಲ್ಲ. ಅಪರೂಪದ್ದಾಗಿದ್ದರೆ ಕರಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಹಾಗಾದರೆ ಬೆಲೆ ಬಾಳುವ ವಸ್ತುವಿಗೆ ಜನ ಪುಡಿಕಾಸಿನ ಬಿಡ್ ಹಾಕುವುದೇಕೆ? ವಿಷಯ ತೋರುವಷ್ಟು ಸರಳವಲ್ಲ.

ನಾಲ್ಕು ಜನರ ಮುಂದೆ ಕೂಗುವ ಏಲಂ

ಏಲಂ ನಮಗೆ ಹೊಸತೇನಲ್ಲ. ಕರಾವಳಿಯವರು ಏಲಂ ಎನ್ನುತ್ತೇವೆ, ಘಟ್ಟದ ಮೇಲಿನವರು ಹರಾಜು ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಲಿಲಾವು, ಇಲ್ಲಿಯ ಮರಾಠಿಯಲ್ಲೂ ಲಿಲಾವ್. ಏಲಂ ಮತ್ತು ಲಿಲಾವು ಎರಡೂ ಪೋರ್ಚುಗೀಸರ ‘ಲೆಯ್ಲಾಂವ್’ ಎಂಬ ಶಬ್ದದಿಂದ ಬಂದವು. ಮಂಗಳೂರು, ಬಸರೂರುಗಳಲ್ಲಿಯೂ ಈ ಮುಂಬಯಿಯಲ್ಲಿಯೂ ಒಂದು ಕಾಲಕ್ಕೆ ಅವರದೇ ಕೋಟೆ ಇದ್ದುದರಿಂದ ಎರಡು ಊರಿನವರಿಗೂ ಒಂದೇ ಶಬ್ದ ಸಿಕ್ಕಿತು.

ಊರಿನ ದೈವಸ್ಥಾನದಲ್ಲಿ ಹರಕೆಯ ಕೋಳಿಯ, ಬಾಳೆಗೊನೆಯ ಏಲಂ ನೋಡದವರು ನಮ್ಮಲ್ಲಿ ಕಡಿಮೆ. ಇಲ್ಲಿಯೂ ಗಣೇಶೋತ್ಸವ, ಶನಿಪೂಜೆ, ಅಯ್ಯಪ್ಪ ಪೂಜೆ ಮುಗಿದ ಮೇಲೆ ತೆಂಗಿನಕಾಯಿ, ಫಲವಸ್ತುಗಳ ಏಲಂ ನಡೆಯುವುದು ವಾಡಿಕೆ. ಮಾರುಕಟ್ಟೆಯಲ್ಲಿ ಸಿಗುವುದೇ ತೆಂಗಿನಕಾಯಿ ಅಲ್ಲಿ ಸಾವಿರಗಟ್ಟಲೆ ರೂಪಾಯಿಗೆ ಹೋಗುತ್ತದೆ. ಲಾಲ್‌ಬಾಗ್‌ಚಾ ರಾಜಾ ಮಂಡಳಿಯು ಭಕ್ತರು ಅರ್ಪಿಸಿದ ಚಿನ್ನ-ಬೆಳ್ಳಿಯನ್ನು ಹಬ್ಬದ ಬಳಿಕ ಏಲಂ ಹಾಕುವಾಗಲೂ ಅಷ್ಟೇ, ಲೋಹದ ಬೆಲೆಗಿಂತ ಮೇಲೆ ಕೂಗುವವರಿಗೆ ಬರವಿಲ್ಲ. ಇಲ್ಲಿ ಭಕ್ತಿ ಇದೆ, ಸಂಘಕ್ಕೆ ಸಹಾಯವಾಗಲಿ ಎಂಬ ಒಳ್ಳೆಯ ಮನಸ್ಸಿದೆ. ಅದರ ಜತೆಗೆ ಇನ್ನೊಂದೂ ಇದೆ: ನಾಲ್ಕು ಜನ ನೋಡುತ್ತಿದ್ದಾರೆ. ಅಧ್ಯಕ್ಷರು ವೇದಿಕೆಯಲ್ಲಿ ಕುಳಿತಿದ್ದಾರೆ, ಬೀಗರು ಎದುರಿಗಿದ್ದಾರೆ. ಆ ಹೊತ್ತಿನಲ್ಲಿ ದೇವರ ತೆಂಗಿನಕಾಯಿಗೆ ಹತ್ತು ರೂಪಾಯಿ ಎಂದು ಕೂಗಲು ಯಾರಿಗೆ ಬಾಯಿ ಬಂದೀತು?

ಸಸೂನ್ ಡಾಕ್‌ನ ಮೀನಿನ ಏಲಂ ಬೇರೆ ಬಗೆ. 1875ರಲ್ಲಿ ಕಟ್ಟಿದ ಆ ಬಂದರಿನಲ್ಲಿ ಬೆಳಗ್ಗಿನ ಜಾವ ಬುಟ್ಟಿಗಳ ಸುತ್ತ ನಡೆಯುವ ಕೂಗಾಟದಲ್ಲಿ ಭಕ್ತಿಗೆ ಜಾಗವಿಲ್ಲ, ಶುದ್ಧ ವ್ಯಾಪಾರ. ಆದರೆ ಅಲ್ಲಿಯೂ ಕೂಗುವವನಿಗೆ ಮುಖವಿದೆ. ಬಂಗುಡೆಯ ಬುಟ್ಟಿಗೆ ದಿನವೂ ಹಾಸ್ಯಾಸ್ಪದ ಬೆಲೆ ಹೇಳುವವನನ್ನು ಏಲಂ ಕರೆಯುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾಳೆಯೂ ಅದೇ ಜನರ ಮುಂದೆ ನಿಲ್ಲಬೇಕು.

ಆನ್‌ಲೈನ್ ಏಲಂನಲ್ಲಿ ಇಲ್ಲದಿರುವುದು ಈ ಮುಖವೇ. ಬಿಡ್ ಹಾಕಿದವನ ಹೆಸರಿನ ಜಾಗದಲ್ಲಿ ಎರಡು ಅಕ್ಷರ, ನಾಲ್ಕು ಚುಕ್ಕೆ. ಅವನು ಘಾಟ್‌ಕೋಪರ್‌ನವನೋ ಗುವಾಹಟಿಯವನೋ ತಿಳಿಯದು. ಐವತ್ತೊಂದು ರೂಪಾಯಿ ಎಂದು ಒತ್ತಿದರೆ ನಗುವವರಿಲ್ಲ, ಗೊಣಗುವವರಿಲ್ಲ. ಎದುರುಬದುರು ಹೇಳಲು ಸಂಕೋಚವಾಗುವ ಬೆಲೆಯನ್ನು ಬೆರಳು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಮಾರುವವರಿಗೆ ಅವಮಾನವೆನಿಸುತ್ತದೆ, ಏಕೆಂದರೆ ಅವರ ಮನಸ್ಸಿನಲ್ಲಿ ಇನ್ನೂ ಊರಿನ ಅಂಗಳದ ಏಲಂ ಇದೆ. ಹಾಕಿದವನ ಮನಸ್ಸಿನಲ್ಲಿ ಅಜ್ಜಿಯೂ ಇಲ್ಲ, ಅಂಗಳವೂ ಇಲ್ಲ. ಅವನಿಗೆ ಅದು ಒಂದು ಸಾಲು, ಒಂದು ಚಿತ್ರ.

ಅಜ್ಜಿಯ ವಿಷಯಕ್ಕೆ ಬಂದುದರಿಂದ ಒಂದು ಪ್ರಯೋಗವನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಅಧ್ಯಯನವಿದು. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಮಗ್ ಸಿಗದವರನ್ನು ಕೊಳ್ಳುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಕೈಯಲ್ಲಿದ್ದವರು ಏಳು ಡಾಲರ್‌ನ ಆಸುಪಾಸು ಕೇಳಿದರೆ, ಇಲ್ಲದವರು ಮೂರು ಡಾಲರ್‌ನಷ್ಟೂ ಕೊಡಲು ಒಪ್ಪಲಿಲ್ಲ. ಹತ್ತು ನಿಮಿಷದ ಹಿಂದೆ ಕೈಗೆ ಬಂದ ಮಗ್ಗಿನ ಕತೆಯೇ ಹೀಗಾದರೆ, ಎಪ್ಪತ್ತು ವರ್ಷ ಮನೆಯಲ್ಲಿದ್ದ ರೂಪಾಯಿಯ ಕತೆ ಹೇಳಬೇಕೇ?

ಕಾಣುವ ಬೆಲೆ ಒಂದು, ಬಚ್ಚಿಟ್ಟ ಬೆಲೆ ಇನ್ನೊಂದು

ಈಗ ಯಂತ್ರದ ಕೆಲಸವನ್ನು ನೋಡೋಣ. ಐವತ್ತೊಂದು ರೂಪಾಯಿ ಎಂದು ಪರದೆಯ ಮೇಲೆ ಕಂಡ ಮಾತ್ರಕ್ಕೆ ಹಾಕಿದವನು ಅಷ್ಟೇ ಕೊಡಲು ಸಿದ್ಧನಿದ್ದಾನೆ ಎಂದರ್ಥವಲ್ಲ. ಬಹಳಷ್ಟು ತಾಣಗಳಲ್ಲಿ ಬಿಡ್ ಹಾಕುವವನು ತಾನು ಕೊಡಬಹುದಾದ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಬರೆದಿಡುತ್ತಾನೆ. ಯಂತ್ರವು ಅವನ ಪರವಾಗಿ, ಎದುರಾಳಿಯನ್ನು ಮೀರಲು ಬೇಕಾದಷ್ಟನ್ನೇ ಕೂಗುತ್ತದೆ. ಒಬ್ಬ 5,000 ರೂಪಾಯಿ ಬರೆದಿಟ್ಟಿದ್ದಾನೆ ಎಂದುಕೊಳ್ಳಿ. ಎದುರಾಳಿ ಇಲ್ಲದಿರುವಾಗ ಪರದೆಯ ಮೇಲೆ ಆರಂಭದ ಬೆಲೆಯಾದ 51 ಮಾತ್ರ ಕಾಣುತ್ತದೆ. ಇನ್ನೊಬ್ಬ ಬಂದು 1,200 ಬರೆದರೆ, ಐವತ್ತರ ಏರಿಕೆಯ ನಿಯಮವಿದ್ದಲ್ಲಿ, ಬೆಲೆ ಒಮ್ಮೆಲೇ 1,250ಕ್ಕೆ ನೆಗೆಯುತ್ತದೆ. ಮೂರನೆಯವ ಬಾರದಿದ್ದರೆ ಅಲ್ಲಿಗೇ ನಿಂತಿತು. ಅಂದರೆ ಕೊನೆಗೆ ನಿಮಗೆ ಸಿಗುವ ಬೆಲೆಯನ್ನು ನಿರ್ಧರಿಸುವವನು ಗೆದ್ದವನಲ್ಲ, ಎರಡನೆಯ ಸ್ಥಾನದಲ್ಲಿ ಸೋತವನು.

ಈ ಪದ್ಧತಿಯನ್ನು 1961ರಲ್ಲಿ ಗಣಿತದ ಮೂಲಕ ವಿವರಿಸಿದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಘೋಷಣೆಯಾದ ಮೂರೇ ದಿನಕ್ಕೆ ಅವರು ತೀರಿಕೊಂಡರು. ಆದರೆ ಸ್ವಾರಸ್ಯವೆಂದರೆ ಅವರಿಗಿಂತ ಬಹಳ ಮೊದಲೇ, ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು ಅಂಚೆಯಲ್ಲಿ ಬಿಡ್ ತರಿಸಿಕೊಂಡು ಇದೇ ರೀತಿ ಏಲಂ ನಡೆಸುತ್ತಿದ್ದರು. ಪಂಡಿತರಿಗಿಂತ ಮೊದಲು ವ್ಯಾಪಾರಿಗೆ ಲೆಕ್ಕ ಗೊತ್ತಿರುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ.

ಮುಂಬಯಿಗರಿಗೆ ಈ ವಿದ್ಯೆ ಮನೆಮಾತಾದುದು ಬಾಜಿ ಡಾಟ್ ಕಾಮ್‌ನಿಂದ. 2000ದಲ್ಲಿ ಇದೇ ನಗರದಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 2004ರಲ್ಲಿ ಅಮೆರಿಕದ ಈಬೇ ಸುಮಾರು 5 ಕೋಟಿ ಡಾಲರ್‌ಗೆ ಕೊಂಡಿತು. ಆಗ ಸೈಬರ್ ಕೆಫೆಯಲ್ಲಿ ಗಂಟೆಗೆ ಇಂತಿಷ್ಟೆಂದು ಕೊಟ್ಟು ನಾಣ್ಯ, ಅಂಚೆಚೀಟಿ, ಹಳೆಯ ಕ್ಯಾಮೆರಾಗಳಿಗೆ ಬಿಡ್ ಹಾಕಿದ ಯುವಕರು ನಮ್ಮಲ್ಲೂ ಇದ್ದರು. ಈಬೇಯ ಭಾರತೀಯ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಇಂದು ಈ ವ್ಯವಹಾರ ಮುಂಬಯಿ, ಬೆಂಗಳೂರುಗಳ ನಾಣ್ಯ ಏಲಂ ಸಂಸ್ಥೆಗಳ ತಾಣಗಳಿಗೂ, ಸಂಗ್ರಾಹಕರ ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳಿಗೂ ಹರಡಿದೆ. ಗುಂಪುಗಳಲ್ಲಿ ಒಂದು ರೂಪಾಯಿಯಿಂದಲೇ ಕೂಗು ಆರಂಭಿಸುವುದು ಸಾಮಾನ್ಯ.

ಜಾಣರ ಮೌನ

ಅಪರೂಪದ ವಸ್ತುವನ್ನು ಗುರುತಿಸಿದವನು ಆರಂಭದಲ್ಲೇ ದೊಡ್ಡ ಬಿಡ್ ಹಾಕಿದರೆ ಏನಾಗುತ್ತದೆ? ಉಳಿದವರಿಗೆಲ್ಲ ಡಂಗುರ ಸಾರಿದಂತಾಗುತ್ತದೆ. ಉದಾಹರಣೆಗೆ 1911ರ ಐದನೆಯ ಜಾರ್ಜ್ ರೂಪಾಯಿ. ಅದರಲ್ಲಿ ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಎಂದು ಗದ್ದಲವಾಗಿ, ಮುಂದಿನ ವರ್ಷವೇ ಚಿತ್ರ ತಿದ್ದಬೇಕಾಯಿತು. ಇಂದಿಗೂ ಸಂಗ್ರಾಹಕರ ಬಾಯಲ್ಲಿ ಅದು ‘ಹಂದಿ ರೂಪಾಯಿ’. ‘ಹಳೆಯ ಬೆಳ್ಳಿ ನಾಣ್ಯ, ರಾಜನ ಚಿತ್ರ’ ಎಂದಷ್ಟೇ ಬರೆದು ಯಾರೋ ಏಲಂಗೆ ಹಾಕಿದ ಹತ್ತು ರೂಪಾಯಿಗಳ ಮಧ್ಯೆ ಇದೊಂದನ್ನು ಕಂಡವನು ಸುಮ್ಮನೆ ಸಣ್ಣ ಬಿಡ್ ಹಾಕಿ, ತನ್ನ ಪಟ್ಟಿಗೆ ಸೇರಿಸಿಕೊಂಡು, ಕೊನೆಯ ನಿಮಿಷಕ್ಕೆ ಕಾಯುತ್ತಾನೆ.

ಇದು ಕಟ್ಟುಕತೆಯಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈಬೇ ಮತ್ತು ಅಮೆಜಾನ್ ಅಂದು ನಡೆಸುತ್ತಿದ್ದ ಏಲಂಗಳನ್ನು ಹೋಲಿಸಿದ್ದರು. ಈಬೇಯಲ್ಲಿ ನಿಗದಿತ ಗಳಿಗೆಗೆ ಏಲಂ ಮುಗಿಯುತ್ತಿತ್ತು. ಅಮೆಜಾನ್‌ನಲ್ಲಿ ಕೊನೆಯ ಕ್ಷಣಕ್ಕೆ ಬಿಡ್ ಬಂದರೆ ಅವಧಿ ತಾನಾಗಿ ಹತ್ತು ನಿಮಿಷ ಮುಂದಕ್ಕೆ ಹೋಗುತ್ತಿತ್ತು, ನಮ್ಮ ಏಲಂನಲ್ಲಿ ‘ಒಂದು ಸಲ, ಎರಡು ಸಲ’ ಎಂದು ಕಾಯುವಂತೆ. ಕೊನೆಯ ಗಳಿಗೆಯ ಬಿಡ್‌ಗಳು ಈಬೇಯಲ್ಲೇ ಹೆಚ್ಚು ಕಂಡವು. ಅದರಲ್ಲೂ ಕಂಪ್ಯೂಟರ್‌ಗಿಂತ ಪುರಾತನ ವಸ್ತುಗಳ ಏಲಂನಲ್ಲಿ ಹೆಚ್ಚು. ಕಂಪ್ಯೂಟರ್‌ನ ಬೆಲೆ ಎಲ್ಲರಿಗೂ ಗೊತ್ತು. ಹಳೆಯ ವಸ್ತುವಿನ ಬೆಲೆ ಬಲ್ಲವನಿಗಷ್ಟೇ ಗೊತ್ತು, ಆದ್ದರಿಂದ ಬಲ್ಲವನು ಬಾಯಿ ಬಿಡುವುದಿಲ್ಲ. ರಾತ್ ಅವರಿಗೂ ಮುಂದೆ 2012ರಲ್ಲಿ ನೊಬೆಲ್ ಸಂದಿತು.

ಇನ್ನು ವ್ಯಾಪಾರಿಗಳು. ಫೋರ್ಟ್‌ನಲ್ಲೋ ಚೋರ್ ಬಜಾರ್‌ನಲ್ಲೋ ಅಂಗಡಿ ಇಟ್ಟುಕೊಂಡವನು ಕೊಂಡದ್ದನ್ನು ಮತ್ತೆ ಮಾರಿ ಬದುಕಬೇಕು. ಇಂದು ಕೊಂಡ ನಾಣ್ಯಕ್ಕೆ ಗಿರಾಕಿ ಸಿಗಲು ಎರಡು ವರ್ಷ ಬೇಕಾಗಬಹುದು, ಅಷ್ಟು ಕಾಲ ಹಣ ಕಟ್ಟಿಬೀಳುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಹಾಗಾಗಿ ಅವನು ಒಂದು ವಸ್ತುವಿಗೆ ನ್ಯಾಯವಾದ ಬೆಲೆ ಹಾಕುವ ಬದಲು ನೂರು ವಸ್ತುಗಳಿಗೆ ಸಣ್ಣ ಸಣ್ಣ ಬಿಡ್ ಹಾಕುತ್ತಾನೆ. ತೊಂಬತ್ತು ಕೈತಪ್ಪಿದರೂ ಅವನಿಗೆ ನಷ್ಟವಿಲ್ಲ. ಸೋತ ಬಿಡ್‌ಗೆ ಹಣ ಕೊಡಬೇಕಾಗಿಲ್ಲವಷ್ಟೇ. ರಾತ್ರಿ ನೂರು ಗಾಳ ಇಳಿಸಿ ಬೆಳಗ್ಗೆ ಬಂದು ನೋಡುವ ಬೆಸ್ತನ ಲೆಕ್ಕವಿದು. ಯಾರೂ ಗಮನಿಸದ ಏಲಂ, ಹಬ್ಬದ ದಿನ ಮುಗಿದ ಏಲಂ, ನಡುರಾತ್ರಿ ಮೂರು ಗಂಟೆಗೆ ಮುಗಿದ ಏಲಂ, ಹೆಸರನ್ನೇ ತಪ್ಪಾಗಿ ಬರೆದ ಏಲಂ, ಇವುಗಳಲ್ಲಿ ಕೆಲವು ಗಾಳಕ್ಕೆ ಬಿದ್ದೇ ಬೀಳುತ್ತವೆ.

ಸಂಗ್ರಾಹಕನ ಭಯವೇ ಬೇರೆ. ಹಿಂದೆ ಗಲ್ಲಾದಲ್ಲಿ ಕುಳಿತ ಶೆಟ್ಟರು ರೂಪಾಯಿಯನ್ನು ಕಲ್ಲಿನ ಮೇಲೆ ಟಣ್ ಎನಿಸಿ ಸ್ವರ ಕೇಳಿಯೇ ಖೋಟಾ ಹೌದೋ ಅಲ್ಲವೋ ಹೇಳುತ್ತಿದ್ದರಂತೆ. ಫೋಟೋವನ್ನು ಟಣ್ ಎನಿಸಲು ಬಾರದು. ತೂಕ ನೋಡುವಂತಿಲ್ಲ, ಅಂಚು ಮುಟ್ಟುವಂತಿಲ್ಲ. 1939ರ ಆರನೆಯ ಜಾರ್ಜ್ ರೂಪಾಯಿ ಅಪರೂಪವೆಂದು ಪ್ರಸಿದ್ಧವಾದ ಮೇಲೆ ಅದರ ನಕಲಿಗಳೂ ಹುಟ್ಟಿಕೊಂಡವು. ಅಂಚೆಚೀಟಿಯಲ್ಲೂ ಹೀಗೆಯೇ. 1948ರ ಗಾಂಧೀಜಿಯ ಹತ್ತು ರೂಪಾಯಿ ಚೀಟಿಯ ಮೇಲೆ ‘ಸರ್ವಿಸ್’ ಎಂದು ಅಚ್ಚೊತ್ತಿದ್ದು ನೂರೇ ನೂರು. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಲಂಡನ್ನಿನ ವ್ಯಾಪಾರಿ ಸಂಸ್ಥೆಯ ಮೂಲಕ 5 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಒಂದು ಶಬ್ದದ ಅಚ್ಚಿನಿಂದ ಬೆಲೆ ಇಷ್ಟು ಏರುವಾಗ, ಆ ಶಬ್ದವನ್ನು ಮನೆಯಲ್ಲೇ ಅಚ್ಚೊತ್ತುವವರು ಇರಲಾರರೇ? ಆದ್ದರಿಂದ ಪ್ರಮಾಣಪತ್ರವಿಲ್ಲದ ವಸ್ತುವಿಗೆ ಬಲ್ಲವರು ಅಸಲಿಯ ಬೆಲೆ ಹಾಕುವುದಿಲ್ಲ. ‘ನಕಲಿಯಾದರೂ ಹೋಗಲಿ’ ಎನ್ನುವಷ್ಟೇ ಹಾಕುತ್ತಾರೆ.

ಅತಿ ಆಸೆ ಪಟ್ಟವನು ಪಶ್ಚಾತ್ತಾಪ ಪಡುವ ಬಗೆಗೂ ಒಂದು ಪ್ರಯೋಗವಿದೆ, ಅದೂ ನಾಣ್ಯದ್ದೇ. ಬೇಜರ್‌ಮನ್ ಮತ್ತು ಸ್ಯಾಮ್ಯುಯಲ್‌ಸನ್ ಎಂಬ ಅಧ್ಯಾಪಕರು 1983ರಲ್ಲಿ ಪ್ರಕಟಿಸಿದ್ದು. ನಾಣ್ಯ ತುಂಬಿದ ಜಾಡಿಯನ್ನು ತರಗತಿಯಲ್ಲಿಟ್ಟು ಅದರಲ್ಲಿ ಎಷ್ಟಿದೆ ಎಂದು ಊಹಿಸಿ ಬಿಡ್ ಹಾಕಲು ವಿದ್ಯಾರ್ಥಿಗಳಿಗೆ ಹೇಳಿದರು. ಜಾಡಿಯಲ್ಲಿದ್ದುದು 8 ಡಾಲರ್. ಊಹೆಗಳ ಸರಾಸರಿ ಬರೇ 5 ಡಾಲರ್ 13 ಸೆಂಟ್. ಆದರೆ ಗೆದ್ದ ಬಿಡ್‌ಗಳ ಸರಾಸರಿ 10 ಡಾಲರ್! ಏಲಂನಲ್ಲಿ ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ತಪ್ಪು ಊಹಿಸಿದವನೇ ಆಗಿರುತ್ತಾನೆ. ಎರಡು ಸಲ ಹೀಗೆ ಕೈ ಸುಟ್ಟುಕೊಂಡ ಸಂಗ್ರಾಹಕ ಮೂರನೆಯ ಸಲ ತಾನು ಅಂದಾಜಿಸಿದ್ದರ ಅರ್ಧವನ್ನೇ ಬರೆಯುತ್ತಾನೆ.

ಇದಲ್ಲದೆ ಮೇಲಿನ ಖರ್ಚು. ಏಲಂ ಸಂಸ್ಥೆಗಳು ಗೆದ್ದ ಬೆಲೆಯ ಮೇಲೆ ಕೊಳ್ಳುವವನಿಂದಲೂ ಕಮಿಷನ್ ಪಡೆಯುತ್ತವೆ. ಅದು ಶೇ. 15 ಎಂದಿಟ್ಟುಕೊಂಡರೆ 1,500 ರೂಪಾಯಿಯ ಬಿಡ್ 1,725 ಆಯಿತು, ಅದರ ಮೇಲೆ ಜಿಎಸ್‌ಟಿ, ಕೊರಿಯರ್, ವಿಮೆ. ಎರಡು ಸಾವಿರ ಖರ್ಚು ಮಾಡಲು ಹೊರಟವನು ಒಂದೂವರೆ ಸಾವಿರಕ್ಕೇ ನಿಲ್ಲಬೇಕು. ಕಡಿಮೆ ಬೆಲೆ ಕಂಡ ಮನೆಯವರಿಗೆ ಈ ಭಾಗ ಕಾಣುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕಾನೂನಿನ ದೃಷ್ಟಿಯಿಂದಲೂ ಸಣ್ಣ ಬಿಡ್ ಒಂದು ಕೇಳಿಕೆಯಷ್ಟೇ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಪ್ರಕಾರ ಸುತ್ತಿಗೆ ಬೀಳುವ ತನಕ ಮಾರಾಟ ಪೂರ್ಣವಾಗುವುದಿಲ್ಲ, ಅಲ್ಲಿಯವರೆಗೆ ಕೂಗಿದವನು ಹಿಂದೆಗೆಯಬಹುದು (ತಾಣಗಳು ತಮ್ಮ ಷರತ್ತುಗಳಲ್ಲಿ ಇದನ್ನು ಬಿಗಿ ಮಾಡಿರುತ್ತವೆ, ಅದು ಬೇರೆ ಮಾತು). ಇದಕ್ಕಿಂತ ಕಡಿಮೆಗೆ ಕೊಡೆನು ಎಂಬ ಕನಿಷ್ಠ ಬೆಲೆಯನ್ನು ಇಡಲು ಮಾರುವವನಿಗೆ ಅದೇ ಕಲಂ ಅವಕಾಶ ಕೊಟ್ಟಿದೆ. ಆದರೆ ತನ್ನ ಕಡೆಯವರಿಂದಲೇ ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸಿದರೆ ಕೊಂಡವನು ಮಾರಾಟವನ್ನೇ ರದ್ದುಪಡಿಸಬಹುದು. ಭಾವನ ಫೋನಿನಿಂದ, ಮೈದುನನ ಫೋನಿನಿಂದ ಬಿಡ್ ಹಾಕಿಸಿ ‘ಸ್ವಲ್ಪ ಏರಿಸೋಣ’ ಎನ್ನುವವರು ಇದನ್ನು ತಿಳಿದಿರುವುದು ಒಳ್ಳೆಯದು. ಇಂಥ ಸುಳ್ಳು ಕೂಗಿನ ಸಂಶಯ ಬಂದಲ್ಲಿ ಪ್ರಾಮಾಣಿಕ ಸಂಗ್ರಾಹಕರೂ ಕೈ ಬಿಗಿ ಹಿಡಿಯುತ್ತಾರೆ. ಕೊಳ್ಳುವವರ ಕಡೆಯಿಂದಲೂ ಮೋಸವಿಲ್ಲವೆಂದಲ್ಲ. ವ್ಯಾಪಾರಿಗಳು ಒಳಗೊಳಗೆ ಮಾತಾಡಿಕೊಂಡು ಒಬ್ಬರ ಮೇಲೊಬ್ಬರು ಕೂಗದೆ, ಆಮೇಲೆ ತಮ್ಮೊಳಗೆ ಹಂಚಿಕೊಳ್ಳುವ ತಂತ್ರ ಎಷ್ಟು ಹಳೆಯದೆಂದರೆ ಬ್ರಿಟನ್ 1927ರಲ್ಲೇ ಅದರ ವಿರುದ್ಧ ಕಾಯ್ದೆ ತಂದಿತ್ತು.

ನಮ್ಮ ದೇಶದಲ್ಲಿ ಬೆಲೆ ತಗ್ಗಲು ಮತ್ತೊಂದು ಕಾರಣ 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ಮೀರಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ವಿಜಯನಗರದ ವರಾಹವಾಗಲಿ ಟಿಪ್ಪುವಿನ ಆನೆ ಕಾಸಾಗಲಿ, ಇಲ್ಲಿಯ ಏಲಂನಲ್ಲಿ ಇಲ್ಲಿಯವರೇ ಕೊಳ್ಳಬೇಕು. ಪರಂಪರೆ ಉಳಿಯುವ ದೃಷ್ಟಿಯಿಂದ ಇದು ಸರಿಯೇ. ಆದರೆ ಲಂಡನ್ನಿನಲ್ಲಿ ಆದ ಬೆಲೆಯನ್ನು ಓದಿ ಕುರ್ಲಾದಲ್ಲಿ ಅದೇ ಬೆಲೆ ನಿರೀಕ್ಷಿಸಿದರೆ ನಿರಾಸೆ ಖಂಡಿತ.

ದೊಡ್ಡ ಬೆಲೆಯ ಏಲಂಗಳ ಸುದ್ದಿಯೇ ಮನೆಮನೆಗೆ ತಲುಪುವುದರಿಂದಲೂ ಈ ಗೊಂದಲ. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ, ಬಟ್ಟಲು-ತಟ್ಟೆಗಳಿಗೆ ಏಲಂದಾರರು ಅಂದಾಜಿಸಿದ್ದು ಇಪ್ಪತ್ತು-ಮೂವತ್ತು ಸಾವಿರ ಡಾಲರ್. ಇಡೀ ದೇಶ ಕಣ್ಣಿಟ್ಟಿದ್ದಾಗ ವಿಜಯ್ ಮಲ್ಯ ಅವರ ಕಡೆಯವರು ಕೂಗಿದ್ದು 18 ಲಕ್ಷ ಡಾಲರ್. 2020ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗಾಂಧೀಜಿಯ ಇನ್ನೊಂದು ಕನ್ನಡಕ, ಲಕೋಟೆಯಲ್ಲಿ ಹಾಕಿ ಏಲಂ ಸಂಸ್ಥೆಯ ಅಂಚೆ ಪೆಟ್ಟಿಗೆಗೆ ತುರುಕಿಹೋಗಿದ್ದು, 15 ಸಾವಿರ ಪೌಂಡ್‌ನ ಅಂದಾಜನ್ನು ಮೀರಿ 2 ಲಕ್ಷ 60 ಸಾವಿರಕ್ಕೆ ಹೋಯಿತು. ಇವೆಲ್ಲ ಲೋಕವೇ ನೆರೆದ ಏಲಂಗಳು. ನಮ್ಮ ಡಬ್ಬಿಯ ರೂಪಾಯಿಯನ್ನು ನೋಡಲು ನೆರೆಯುವವರು ಹನ್ನೆರಡು ಮಂದಿ.

ನಿಜವಾದ ಅಪಾಯ ದೊಡ್ಡ ಬಿಡ್‌ನದ್ದು

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ಐವತ್ತೊಂದು ರೂಪಾಯಿ ಕೂಗಿದವನಿಂದ ನಮ್ಮ ಜನರಿಗೆ ಆಗುವ ತೊಂದರೆ ಅಷ್ಟಕ್ಕಷ್ಟೆ. ಅವನಿಂದ ಮನನೊಂದವರಿಗೆ ಮರುದಿನ ಇನ್ನೊಂದು ಕರೆ ಬರುತ್ತದೆ: ‘ನಿಮ್ಮ ನಾಣ್ಯಕ್ಕೆ ಐದು ಲಕ್ಷ ಕೊಡುತ್ತೇವೆ’ ಎಂದು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, 786 ಸಂಖ್ಯೆಯ ನೋಟು, 2012ರ ವೈಷ್ಣೋದೇವಿ ಚಿತ್ರದ ನಾಣ್ಯ, ಇವುಗಳಿಗೆ ಲಕ್ಷಗಟ್ಟಲೆ ಬೆಲೆಯೆಂಬ ಸಂದೇಶಗಳು ಓದುಗರ ಫೋನಿಗೂ ಬಂದಿರಬಹುದು. ಒಪ್ಪಿಕೊಂಡ ಕೂಡಲೇ ನೋಂದಣಿ ಶುಲ್ಕ, ತೆರಿಗೆ, ರಿಸರ್ವ್ ಬ್ಯಾಂಕಿನ ಅನುಮತಿ ಎಂದು ಕಂತು ಕಂತಾಗಿ ಹಣ ಕೇಳುತ್ತಾರೆ. ಹಳೆಯ ನೋಟು-ನಾಣ್ಯಗಳ ವ್ಯವಹಾರದಲ್ಲಿ ತನ್ನ ಹೆಸರು, ಲಾಂಛನ ಬಳಸಿ ವಂಚಿಸುತ್ತಿದ್ದಾರೆಂದೂ, ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾವ ಶುಲ್ಕ-ಕಮಿಷನ್‌ಗಳನ್ನೂ ಕೇಳುವುದಿಲ್ಲವೆಂದೂ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿತ್ತು. ಕಡಿಮೆ ಕೂಗಿದವನು ನಿಮ್ಮಿಂದ ಒಂದು ಪೈಸೆ ಕೇಳಲಿಲ್ಲ. ಐದು ಲಕ್ಷ ಕೂಗಿದವನು ಮೊದಲು ಕೇಳಿದ್ದೇ ಹಣ.

ಹಾಗೆ ನೋಡಿದರೆ ಸಣ್ಣ ಆರಂಭ ಮಾರುವವನಿಗೆ ಲಾಭವಾಗುವುದೂ ಉಂಟು. ಗಿಲಿಯನ್ ಕು ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಕಡಿಮೆ ಬೆಲೆಯಿಂದ ಆರಂಭವಾದ ಏಲಂಗಳು ಅನೇಕ ಸಲ ಹೆಚ್ಚಿನ ಬೆಲೆಗೆ ಮುಗಿದವು. ಅಗ್ಗವೆಂದು ಬಂದವರಿಂದ ಜನ ಸೇರುತ್ತಾರೆ, ಜನರನ್ನು ಕಂಡು ಜನ ಬರುತ್ತಾರೆ, ಒಮ್ಮೆ ಕೂಗಿದವನಿಗೆ ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಆದರೆ ವಸ್ತುವಿನ ಹೆಸರನ್ನು ತಪ್ಪು ಅಕ್ಷರಗಳಲ್ಲಿ ಬರೆದು, ಹುಡುಕುವವರಿಗೆ ಸಿಗದಂತಾದ ಏಲಂಗಳಲ್ಲಿ ಈ ಲಾಭ ದೊರೆಯಲಿಲ್ಲ. ನಮ್ಮವರು ‘ಓಲ್ಡ್ ಕಾಯಿನ್, ವೆರಿ ರೇರ್’ ಎಂದು ಬರೆದು ಬಿಡುತ್ತಾರೆ. ಯಾವ ದೊರೆ, ಯಾವ ವರ್ಷ, ಎಷ್ಟು ಗ್ರಾಂ ಎಂದಿಲ್ಲದಿದ್ದರೆ ಹುಡುಕುವವನು ಬರುವುದಾದರೂ ಹೇಗೆ?

ಡಬ್ಬಿ ತೆರೆಯುವವರು ಮೊದಲು ತಕ್ಕಡಿ ತರಲಿ. ಬ್ರಿಟಿಷ್ ಕಾಲದ ರೂಪಾಯಿಯ ತೂಕ 11.66 ಗ್ರಾಂ, 1939ರವರೆಗಿನದ್ದರಲ್ಲಿ ಶೇ. 91.7 ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ ಅಚ್ಚ ಬೆಳ್ಳಿ. 1940ರಿಂದ ಬಂದುದರಲ್ಲಿ ಅರ್ಧ ಮಾತ್ರ, 1947ರದ್ದು ನಿಕ್ಕಲ್. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಇದಕ್ಕಿಂತ ಕೆಳಗೆ ಕೊಡಬಾರದ ಬೆಲೆ ಸಿಗುತ್ತದೆ, ಅದನ್ನೇ ಕನಿಷ್ಠ ಬೆಲೆಯಾಗಿ ಇಡಬಹುದು. ವಿಕ್ಟೋರಿಯಾ ರೂಪಾಯಿಯ ಮೇಲೆ 1862 ಎಂದಿದ್ದರೆ ಅತಿ ಹಳೆಯದೆಂದು ಹಿಗ್ಗಬೇಕಾಗಿಲ್ಲ, ಹತ್ತಾರು ವರ್ಷ ಅದೇ ಇಸವಿಯನ್ನು ಟಂಕಿಸುತ್ತಿದ್ದರು. ಹುಣಸೆಹುಳಿ, ಬೂದಿ ಹಾಕಿ ನಾಣ್ಯ ತಿಕ್ಕಿ ಹೊಳೆಯಿಸುವ ಉತ್ಸಾಹ ಬೇಡವೇ ಬೇಡ. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಅರ್ಧ ಬೆಲೆಯನ್ನೂ ಕೊಡಲು ಹಿಂಜರಿಯುತ್ತಾರೆ. ಇತರರು ಎಷ್ಟು ಕೇಳುತ್ತಿದ್ದಾರೆ ಎಂಬುದನ್ನು ಬಿಟ್ಟು, ಮುಗಿದ ಏಲಂಗಳಲ್ಲಿ ಎಷ್ಟಕ್ಕೆ ಹೋಗಿದೆ ಎಂದು ನೋಡಬೇಕು. ಏಲಂ ಸಂಸ್ಥೆಗಳು ಆ ಪಟ್ಟಿಗಳನ್ನು ತಾಣದಲ್ಲೇ ಇಟ್ಟಿರುತ್ತವೆ. ಅಸಲಿ ನಾಣ್ಯ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆನ್ನುವವರಿಗೆ 2004ರಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ಫೋರ್ಟ್‌ನಲ್ಲೇ ಇದೆ.

ಏಲಂ ಮುಗಿಯುವ ಹೊತ್ತನ್ನೂ ನೋಡಿಕೊಳ್ಳಬೇಕು. ಭಾನುವಾರ ರಾತ್ರಿ ಊಟದ ನಂತರ, ಜನ ಫೋನ್ ಹಿಡಿದು ಕುಳಿತಿರುವಾಗ ಮುಗಿದರೆ ಅನುಕೂಲ, ಗಣೇಶ ವಿಸರ್ಜನೆಯ ರಾತ್ರಿಯಾದರೆ ಕಷ್ಟ. ಅಪರೂಪದ ನಾಣ್ಯಕ್ಕೆ ಕಾಲವಿಲ್ಲ. ಆದರೆ ಸಾಧಾರಣ ರಾಣಿ ತಲೆ, ರಾಜ ತಲೆಯ ರೂಪಾಯಿಯನ್ನು ಲಕ್ಷ್ಮೀಪೂಜೆಗೆಂದು ಹುಡುಕಿಕೊಂಡು ಗಿರಾಕಿಗಳು ಝವೇರಿ ಬಜಾರಿಗೆ ಬರುವುದು ಧನತ್ರಯೋದಶಿಯ ಸುಮಾರಿಗೆ. ಮಾರಲೇಬೇಕೆಂದಿರುವವರು ಅದಕ್ಕೆ ಎರಡು ವಾರ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳುವುದು ಲೇಸು. ಫೋಟೋ ಹಗಲು ಬೆಳಕಿನಲ್ಲಿ, ಎರಡೂ ಮುಖದ್ದು.